ಯಾರೂ ಹೇಳಿಕೊಟ್ಟಿಲ್ಲ

ಬಸ್ಸಿನ ಕಿಟಕಿಯಿಂದ ಬೆಂದ ಹೊಗೆಸೊಪ್ಪಿನ ವಾಸನೆ, ಸಿಹಿಯೋ ಕಹಿಯೋ ತಿಳಿಯದಂಥದು, ಕಂಠಪ್ಪ ಮೇಷ್ಟ್ರು ಗಾಜು ಎಳೆಯಲು ಹೋದರು, ಅದು ಸಿಕ್ಕಿಕೊಂಡಿದೆ, ಇನ್ನು ಪಿರಿಯಾಪಟ್ಟಣದವರೆಗೂ ಇದೇ — ಮೇಷ್ಟ್ರೇ, ಚೆಂದಾಗಿದ್ದೀರಾ, ಎಂದಳು ರಾವಂದೂರಿನಲ್ಲಿ ಹತ್ತಿದ ಮರಮ್ಮ, ಕೊಡಗಿನ ತೋಟದ ಕೆಲಸಕ್ಕೆ ವೊಂಟಿವ್ನಿ, ಊರಲ್ಲಿ ನನ್ನ ಯಾರು ಕರೀತಾರೆ ಬುಡಿ, ಎಂದು ನಕ್ಕು ಮುಂದಿನ ಸೀಟಿನಲ್ಲಿ ಕೂತಳು, ಆ ನಗುವಿನಲ್ಲಿ ದೂರು ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು, ಇಲ್ಲ, ಎಂಟು ವರ್ಷದ ಹಿಂದೆ, ತೊಂಬತ್ತೊಂದರಲ್ಲಿ, ಅವರ ಭಾನುವಾರದ ಪಾಠಕ್ಕೆ ಬಂದು ಬೆಂಚಿನ ತುದಿಯಲ್ಲಿ ಕೂರುವಾಗಲೂ ಹೀಗೇ ನಗುತ್ತಿದ್ದಳು — ಸಮಾಜವಾದ ಅಂದರೆ ಉಳ್ಳವರ ದಾನಧರ್ಮವಲ್ಲ, ಕನಸೂ ಅಲ್ಲ, ವಿಜ್ಞಾನ, ಸಮಾಜ ಬದಲಾಗುವುದಕ್ಕೂ ನಿಯಮವಿದೆ, ಎನ್ನುತ್ತಾ ಮೇಷ್ಟ್ರು ಬೋರ್ಡಿನ ಮೇಲೆ ನೀರು ಕಾದು ಕಾದು ಒಮ್ಮೆಲೇ ಹಬೆಯಾಗುವ ಚಿತ್ರ ಬರೆದಾಗ, ಸೊಪ್ಪು ಬೇಯ್ಸೋ ಬ್ಯಾರನ್ನಾಗೂ ಅಂಗೇ ಅಲ್ವಾ ಮೇಷ್ಟ್ರೇ, ಶಾಖ ಏರ್ತಾ ಏರ್ತಾ ಅಸುರು ಸೊಪ್ಪು ಬಣ್ಣಾನೇ ಬದಲಾಯಿಸ್ಬುಡ್ತದೆ, ಎಂದವಳು ಅವಳೇ, ಎಷ್ಟು ಹಿಗ್ಗಿದ್ದರು ಅವತ್ತು, ರಾಶಿ ಪುಸ್ತಕ ಓದಿ ತಿಳಿದದ್ದನ್ನು ಸೊಪ್ಪು ಕಟ್ಟುವ ಹೆಂಗಸು ಒಂದೇ ಮಾತಿನಲ್ಲಿ —

ಆದರೆ ನಿಯಮ ಫಲ ಕೊಟ್ಟದ್ದು ಅವರ ಸ್ವಂತ ಅಣ್ಣ ನಟರಾಜುವಿನ ಬ್ಯಾರನ್ನಿನಲ್ಲಿ, ಗಂಡಸರಷ್ಟೇ ಕೂಲಿ ನಮಗೂ ಕೊಡಿ ಎಂದು ಹೆಂಗಸರೆಲ್ಲ ಕೆಲಸ ಬಿಟ್ಟು ಕೂತರು, ಕುಯ್ದ ಸೊಪ್ಪು ರಾಶಿಯಲ್ಲೇ ಕೊಳೆಯಿತು, ಮೂರನೆಯ ದಿನ ಪಂಚಾಯ್ತಿ, ಅಣ್ಣನ ಪಕ್ಕದಲ್ಲೇ ಮೇಷ್ಟ್ರಿಗೂ ಕುರ್ಚಿ, ಯಾವನಮ್ಮೀ ಇದ ನಿನ್ನ ತಲೆಗೆ ತುಂಬ್ದೋನು, ಅವನ ಎಸ್ರು ಯೋಳು, ನಾಳೆಯಿಂದ್ಲೇ ಕೆಲಸಕ್ಕೆ ಬಾ, ಇಲ್ದಿದ್ರೆ ಈ ಊರಲ್ಲಿ ಯಾರೂ ಕರಿಯಂಗಿಲ್ಲ, ಎದುರು ನಿಂತ ಮರಮ್ಮನನ್ನು ಅಣ್ಣ ಗದರಿದ, ಆಗ ಏಳಬೇಕಿತ್ತು, ಎರಡೇ ಅಕ್ಷರ, ನಾನು, ಕುರ್ಚಿಯ ಕೈ ಹಿಡಿದು ಕೂತೇ ಇದ್ದರು, ಸರ್ಕಾರಿ ಕೆಲಸ, ಅಣ್ಣನ ಜೊತೆ ಇನ್ನೂ ಪಾಲಾಗದ ಗದ್ದೆ, ಯಾರೂ ಯೋಳ್ಕೊಟ್ಟಿಲ್ಲ, ನಮಗೇ ತಿಳೀತು ಕಣ್ರಪ್ಪಾ, ಎಂದಳು ಮರಮ್ಮ, ಆ ಗಳಿಗೆಯಲ್ಲಿ ಮೇಷ್ಟ್ರಿಗೆ ಹೊಳೆದದ್ದೇನು, ಥೂ, ಸಿದ್ಧಾಂತವೂ ಇದನ್ನೇ ಹೇಳುತ್ತದಲ್ಲ, ಅರಿವು ಬದುಕಿನಿಂದಲೇ ಹುಟ್ಟುತ್ತದೆ, ಅವಳು ಹೇಳಿದ್ದು ಸುಳ್ಳೇನಲ್ಲ, ಎಂದು, ಅದನ್ನು ಹಿಡಿದುಕೊಂಡೇ ಎಂಟು ವರ್ಷ ಪಾಠ ಮಾಡಿದರು, ಅವಳು ಎಂಟು ವರ್ಷ ಕೊಡಗಿನ ಬಸ್ಸು ಹತ್ತಿದಳು — ಈಗಲಾದರೂ, ಮುಂದಕ್ಕೆ ಬಾಗಿ, ಮರಮ್ಮಾ, ಅವತ್ತು ನಾನು, ಎಂದರು, ದನಿ ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು, ಪಿರಿಯಾಪಟ್ಟಣ ಬಂತು, ಇಳ್ಕಳಿ ಮೇಷ್ಟ್ರೇ, ಉಸಾರು, ಎಂದಳು ಅವಳು, ಇಳಿದರು, ಬಸ್ಸು ಹೋಯಿತು, ನಿಂತಲ್ಲೇ ನಿಂತರು, ಮತ್ತೆ ಅದೇ ಪಂಚಾಯ್ತಿ, ಎಂಟು ವರ್ಷದಿಂದ ಅದೇ, ಸೊಪ್ಪಿನ ಅಂಟು ಮೆತ್ತಿ ಕಪ್ಪಾದ ಎರಡು ಕೈ, ನೆಲ ನೋಡುವ ಕಣ್ಣು, ತಮ್ಮ ಕುರ್ಚಿಯ ಕಡೆಗೆ ಅಪ್ಪಿತಪ್ಪಿಯೂ ಒಂದು ಸಲ ಏಳದ ಆ ಕಣ್ಣು