ಇಲಿಮರಿಗೆ ಬಿಚ್ಚಲಾಗದ ಮುಚ್ಚಳ

ನಮ್ಮ ಕಾರ್ಖಾನೆಯಲ್ಲಿ ಪೆಟ್ರೋಲ್ ಕ್ಯಾನುಗಳು ತಯಾರಾಗುತ್ತವೆ. ಶಾಲೆ ಬಿಟ್ಟ ವರ್ಷದಿಂದ ನಾನು ಅಲ್ಲಿ ಮುಚ್ಚಳ ಜೋಡಿಸುತ್ತಿದ್ದೇನೆ. ಮಕ್ಕಳಿಗೆ ಬಿಚ್ಚಲಾಗದಂಥ ಮುಚ್ಚಳವೇ ಇರಬೇಕೆಂದು ಸರ್ಕಾರದ ನಿಯಮವಿತ್ತು. ಪರೀಕ್ಷೆಗೆ ಕೆಲಸಗಾರರ ಮನೆಯ ಮಕ್ಕಳನ್ನೇ ಕರೆಸುತ್ತಿದ್ದರು. ನಾನು ಅಕ್ಕನ ಮಗಳನ್ನು ಕರೆದೊಯ್ಯುತ್ತಿದ್ದೆ; ಮನೆಯಲ್ಲಿ ಅವಳನ್ನು ಇಲಿಮರಿ ಎನ್ನುತ್ತೇವೆ. ನಾಲ್ಕು ವರ್ಷದ ಅವಳ ಮುಂದೆ ಖಾಲಿ ಕ್ಯಾನು ಇಟ್ಟು, “ತೆಗೆದರೆ ಚಾಕೊಲೇಟು” ಎನ್ನುತ್ತಿದ್ದೆ. ಅವಳು ಕಚ್ಚುತ್ತಿದ್ದಳು, ಒದೆಯುತ್ತಿದ್ದಳು, ಮೇಲೆ ಹತ್ತಿ ಕೂರುತ್ತಿದ್ದಳು. ಒಮ್ಮೆಯೂ ಗೆಲ್ಲಲಿಲ್ಲ. ಅವಳು ಅತ್ತಷ್ಟೂ ಮೇಸ್ತ್ರಿಗೆ ಖುಷಿ.

ಸೋಮವಾರ ನಿಯಮ ರದ್ದಾಯಿತು.

“ಪೀಡೆ ತೊಲಗ್ತು,” ಎಂದರು ಮೇಸ್ತ್ರಿ. “ಆ ಮುಚ್ಚಳ ಮಕ್ಕಳಿಗಿರಲಿ, ನನ್ನ ಹೆಂಡ್ತಿಗೂ ಬಿಚ್ಚೋಕಾಗ್ತಿರ್ಲಿಲ್ಲ. ಬೈಗುಳ ಮಾತ್ರ ನನಗೆ!”

ಎಲ್ಲರೊಡನೆ ನಾನೂ ನಕ್ಕೆ. ಆ ಮುಚ್ಚಳ ಒತ್ತಿ ತಿರುಗಿಸಿ ನನ್ನ ಹೆಬ್ಬೆರಳೂ ದಡ್ಡುಗಟ್ಟಿತ್ತು. ಮರುದಿನದಿಂದಲೇ ಸಾದಾ ಮುಚ್ಚಳ ಜೋಡಿಸತೊಡಗಿದೆವು.

ಶುಕ್ರವಾರ ಊಟದ ಹೊತ್ತಿಗೆ ಭಾವ, ಇಲಿಮರಿಯ ಅಪ್ಪ, ಬಂದರು. ನಮ್ಮಲ್ಲೇ ಲಾರಿಗೆ ಮಾಲು ತುಂಬಿಸುವ ಕೆಲಸ ಅವರದು.

“ಹೊಸ ಕ್ಯಾನು ಒಂದು ಮನೆಗೊಯ್ದೆ ಕಣಮ್ಮ. ಹುಲ್ಲು ಕತ್ತರಿಸೋ ಮಷೀನಿಗೆ ಅಂತ ಪೆಟ್ರೋಲ್ ತುಂಬಿಸಿಟ್ಟಿದೀನಿ. ಎರಡು ಬೆರಳಲ್ಲಿ ಬಿಚ್ಚುತ್ತೆ!”

“ಎಲ್ಲಿಟ್ರಿ ಭಾವ?”

“ಅಡುಗೆಮನೆ ಹಿಂಬಾಗಿಲ ಹತ್ರ. ಯಾಕೆ?”

ತುತ್ತು ಕೆಳಗಿಟ್ಟು ಫೋನು ತೆಗೆದೆ. ಕ್ಯಾನು ಕಂಡರೆ ಬಿಡಬೇಡ ಎಂದು ಒಂದು ವರ್ಷದಿಂದ ಆ ಮಗುವಿಗೆ ಕಲಿಸಿದವಳು ನಾನೇ. ಅಕ್ಕ ಫೋನು ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮೇಸ್ತ್ರಿಯ ಮುಂದೆ ಬಾಯಿ ತೆರೆಯಲೂ ಹೆದರುವವಳು, ಅಂದು ಹೇಳದೆ ಕೇಳದೆ ಓಡಿದೆ. ರಸ್ತೆ ದಾಟುವಾಗ ಯಾರೋ ಬೈದರು. ಬೀದಿಯ ತಿರುವಿನಲ್ಲಿ ಚಪ್ಪಲಿ ಕಿತ್ತುಹೋಯಿತು.

ಅಕ್ಕ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೆಳಗೆ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಹಿಂಬಾಗಿಲ ಆಚೆ, ಒದ್ದೆಯಾದ ಲಂಗದಲ್ಲಿ, ಇಲಿಮರಿ ಮುಚ್ಚಳ ಎತ್ತಿ ಹಿಡಿದು ನಿಂತಿದ್ದಳು. ಪೆಟ್ರೋಲ್ ಹೊಸ್ತಿಲಿನ ಕಡೆ ಹರಿದು ಬರುತ್ತಿತ್ತು.

“ಚಿಕ್ಕಿ, ತೆಗೆದೇಬಿಟ್ಟೆ!”

ಒಲೆ ಆರಿಸಿದೆ. ಅವಳನ್ನು ಎತ್ತಿಕೊಂಡು ಅಂಗಳದ ನಲ್ಲಿಗೆ ಓಡಿದೆ. ಲಂಗ ಕಳಚಿ, ನೀರು ಬಿಟ್ಟು, ಸೋಪು ಹಚ್ಚಿ ಉಜ್ಜಿದೆ.

“ಈಗ ಆಟ ಬದಲಾಗಿದೆ ಕಣೆ,” ಎಂದೆ. “ಕ್ಯಾನು ಕಂಡ್ರೆ ಮುಟ್ಟಬಾರದು. ನನ್ನನ್ನೋ ಅಮ್ಮನನ್ನೋ ಕೂಗಬೇಕು. ಕೂಗಿದ್ರೆ ಚಾಕೊಲೇಟು.”

ಅವಳು ಒದ್ದೆ ಕೈ ಚಾಚಿದಳು.

“ಅದು ನಾಳೆಯಿಂದ. ಇವತ್ತು ತೆಗೆದೆ ಅಲ್ವಾ?”

ಚಾಚಿದ ಕೈ ಚಾಚಿಯೇ ಇತ್ತು. ಮೂರು ಸಲ ಸೋಪು ಹಚ್ಚಿದರೂ ಅದರಿಂದ ಪೆಟ್ರೋಲ್ ವಾಸನೆ ಹೋಗಿರಲಿಲ್ಲ.