ಗುಂಡಿನ ಕೆಳಗಿನ ಪುಸ್ತಕ

ನಾನು ಒಂದು ಪುಸ್ತಕ, ಗದಗಿನ ಒಂದು ಮುದ್ರಣಾಲಯದಲ್ಲಿ ಹುಟ್ಟಿದೆ. ಸೈನ್ಯದಲ್ಲಿ ಸಿಡಿಯದೆ ಉಳಿದ ಗುಂಡುಗಳನ್ನು ತೆಗೆಯುತ್ತ ಎರಡು ಬೆರಳು ಕಳೆದುಕೊಂಡ ಸುಬೇದಾರರೊಬ್ಬರು ನನ್ನನ್ನು ಬರೆದು, 'ಯುದ್ಧ ಮುಗಿದ ಮೇಲಿನ ಅಪಾಯ' ಎಂದು ಹೆಸರಿಟ್ಟರು. ಹೆಸರಲ್ಲೇ ಎಲ್ಲ ಇದೆಯಲ್ಲ, ಇನ್ನು ಒಳಗೆ ನೋಡುವುದೇನು ಅಂದುಕೊಂಡರೋ ಏನೋ, ಒಬ್ಬರೂ ತೆರೆಯಲಿಲ್ಲ! ಮೊದಲು ಒಂದು ಶಾಲೆಯ ಕಪಾಟು, ಆಮೇಲೆ ಹೆಡ್ಮಾಸ್ತರರ ಮನೆಯ ಅಟ್ಟ, ಕೊನೆಗೆ ಧಾರವಾಡದ ಫುಟ್‌ಪಾತ್.

ಅಲ್ಲಿ ನನ್ನನ್ನು ಕೊಂಡವರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅಡಿವೆಪ್ಪ ಕುಲಗೋಡ. ಯುದ್ಧದ ಹಳೆಯ ಪುಸ್ತಕಗಳನ್ನು ಕೂಡಿಡುವುದು ಅವರ ಹುಚ್ಚು. ಅಬ್ಬಾ, ಇನ್ನಾದರೂ ಓದುತ್ತಾರೆ ಎಂದು ಹಿಗ್ಗಿದೆ. ಎಲ್ಲಿಯ ಓದು! ಬೆನ್ನು ಒರೆಸಿದರು, ಮೂಸಿ ನೋಡಿದರು, ಬಂದವರಿಗೆಲ್ಲ "ಎಲ್ಲೂ ಸಿಗಂಗಿಲ್ರಿ ಇದು" ಎಂದು ತೋರಿಸಿದರು.

ಒಮ್ಮೆ ಗುಜರಿಯಿಂದ ಹಿತ್ತಾಳೆ ಮೂತಿಯ ಫಿರಂಗಿ ಗುಂಡೊಂದನ್ನು ತಂದು, ಪುಸ್ತಕಗಳಿಗೆ ಒಪ್ಪುತ್ತದೆ ಎಂದು ಸರಿಯಾಗಿ ನನ್ನ ಮೇಲೆಯೇ ನಿಲ್ಲಿಸಿದರು. ನನಗೆ ಜೀವ ಬಾಯಿಗೆ ಬಂತು. ಅಂಥದ್ದೇ ಗುಂಡಿನ ಚಿತ್ರ ನನ್ನ ಹೊಟ್ಟೆಯಲ್ಲಿದೆ. ಸಿಡಿಸುವ ಕೀಲಿರುವುದೇ ಮೂತಿಯಲ್ಲಿ, ಅದನ್ನು ಕಳಚದ ಗುಂಡು ಎಷ್ಟು ಹಳೆಯದಾದರೂ ಸಿಡಿಯಬಹುದು, ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಓದೋ ಮಾರಾಯ, ಒಂದೇ ಒಂದು ಪುಟ ಓದು! ಬಾಯಿಲ್ಲದ ಜನ್ಮ ನನ್ನದು, ಯಾರಿಗೆ ಹೇಳಲಿ?

ಆಯುಧಪೂಜೆಯ ಮುನ್ನಾದಿನ ಅವರ ಹೆಂಡತಿ ನೀಲವ್ವ ಹುಣಸೆಹಣ್ಣಿನ ಬಟ್ಟಲು ಹಿಡಿದು ಬಂದರು. ಪೂಜೆಗಿಡುವ ಗುಂಡಿನ ಮೂತಿ ಫಳಫಳ ಹೊಳೆಯಬೇಕೆಂದು ಯಜಮಾನರ ಅಪ್ಪಣೆಯಂತೆ. ಉಜ್ಜಿದರು ನೋಡಿ, ಗಸಗಸ! ನಾನು ಒಳಗೊಳಗೇ ಸತ್ತೆ. ಅಷ್ಟರಲ್ಲಿ ಬಟ್ಟಲು ಮಗುಚಿ ಹುಳಿನೀರು ನನ್ನ ಮೇಲೆ ಚೆಲ್ಲಿತು. "ಅಯ್ಯ ಶಿವನ, ಈಗ ಬೈತಾರ" ಎನ್ನುತ್ತ ಗುಂಡನ್ನು ಪಕ್ಕಕ್ಕಿಟ್ಟು, ನನ್ನ ಹಾಳೆ ಬಿಡಿಸಿ ಸೆರಗಿನಿಂದ ಒತ್ತತೊಡಗಿದರು. ಆ ಚಿತ್ರ ಕಣ್ಣಿಗೆ ಬಿತ್ತು. ಬೆರಳಿಟ್ಟು ಓದಿದರು.

"ಏನ್ರೀ, ಮೊದಲ ಹೊರಗ ನಡೀರಿ!" ಎಂದು ಕೂಗಿ, ನನ್ನನ್ನು ಎದೆಗವಚಿಕೊಂಡೇ ಗಂಡನನ್ನು ಬೀದಿಗೆ ಎಳೆದೊಯ್ದರು. ಪೊಲೀಸರು ಬಂದು ಓಣಿ ಖಾಲಿ ಮಾಡಿಸಿದರು. ಗುಂಡನ್ನು ಊರ ಹೊರಗೆ ಒಯ್ದು ಸಿಡಿಸಿದ ಸದ್ದು ಇಲ್ಲಿಯವರೆಗೂ ಕೇಳಿಸಿತು. ಯಜಮಾನರು ಎರಡು ದಿನ ಊಟ ಬಿಟ್ಟರು.

ಈಗ ನನಗೆ ಮುಪ್ಪು. ನನಗೆಂದೇ ಗಾಜಿನ ಪೆಟ್ಟಿಗೆ ಮಾಡಿಸಿ, ಬೀಗ ಹಾಕಿ, ದಿನಾ ಹೂವಿಡುತ್ತಾರೆ. ಇನ್ನೂ ನೂರು ಪುಟ ಉಳಿದಿದೆಯಪ್ಪಾ, ಅಲ್ಲೂ ಇಂಥದ್ದೇ ಎಚ್ಚರಿಕೆಯ ಮಾತಿದೆ ಎಂದು ಒಳಗೇ ಕುದಿಯುತ್ತೇನೆ. ನಿನ್ನೆ ನೀಲವ್ವ ಕೇಳಿದರು: "ಮುಂದಿನ ಪುಟದಾಗ ಏನೈತೋ ನೋಡ್ತೀನಿ, ಕೀಲಿ ಕೊಡ್ರಿ."

"ಹುಚ್ಚಿ ಅದಿಯೇನ ನೀ?" ಯಜಮಾನರು ರೇಗಿದರು. "ನಮ್ಮ ಜೀವ ಉಳಿಸಿದ ಪುಸ್ತಕ ಅದು. ಓದಿ ಹಾಳ ಮಾಡ್ತೀಯೇನು?"