ಆರು ಸೀಸೆ ಸೀರಮ್

"ಆರೂ ಒಂದೇ," ಎಂದಳು ಕಣ್ಣಕ್ಕ. "ಯಾವುದೂ ಕೆಟ್ಟಿಲ್ಲ. ಎಲ್ಲಾ ನೀರಿದ್ದ ಹಾಗಿದೆ."

"ಅಮ್ಮಾ, ತಮಾಷೆ ಮಾಡ್ಬೇಡ, ಕೆಲಸಕ್ಕೆ ಹೊತ್ತಾಯ್ತು ನಂಗೆ." ಮಗಳು ಒಂದು ಕೈಯಲ್ಲಿ ಜಡೆ ಹಿಡಿದುಕೊಂಡೇ ಮೇಜಿನ ಮೇಲೆ ಬಗ್ಗಿದಳು. "ಕಿಟಕಿ ಹತ್ರ ಇಟ್ಟಿದ್ದರಲ್ಲಿ ಎರಡು ಹಳದಿ ಆಗಿದೆ ನೋಡು. ಇದು, ಮತ್ತೆ ಇದು. ಮೂರನೇದು ಮಾತ್ರ ಹಾಗೇ ಇದೆ. ಅದೇ ಒಳ್ಳೇದು ತಾನೆ?"

"ಎಲ್ಲೇ ಹಳದಿ?"

"ಎಲ್ಲಿ ಅಂದ್ರೆ? ಒಳ್ಳೇ ಒಣಹುಲ್ಲಿನ ಥರ ಕಾಣ್ತಿದೆಯಲ್ಲ!"

ಕಣ್ಣಕ್ಕ ನಕ್ಕುಬಿಟ್ಟಳು. ಬಣ್ಣದ ವಿಷಯದಲ್ಲಿ ಅವಳಿಗೆ ಯಾರಾದರೂ ಪಾಠ ಹೇಳಲು ಬಂದರೆ ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳ ಕೆಲಸವೇ ಅದು. ಮೇಸ್ತ್ರಿ ಮಾದರಿಯ ತುಂಡು ತರಬೇಕು, ದೀಪದ ಕೆಳಗೆ ಇಡಬೇಕು, ಇವಳು ಒಂದು ಸಲ ನೋಡಿ ಪಾಸು ಅನ್ನಬೇಕು ಇಲ್ಲವೇ ಫೇಲು ಅನ್ನಬೇಕು. ಎರಡನೇ ಸಲ ನೋಡಿದ್ದೇ ಇಲ್ಲ. ಯಾರಾದರೂ ಕೇಳಿಕೊಂಡರೆ, "ತಿರುತಿರುಗಿ ನೋಡೋಕೆ ನಾನೇನು ಕಾಲೇಜು ಹುಡುಗನಾ?" ಅನ್ನುವಳು. ಬಣ್ಣ ಅಳೆಯುವ ಯಂತ್ರ ತರಿಸೋಣ ಎಂದು ಯಾರೋ ಹೇಳಿದಾಗ ಮ್ಯಾನೇಜರು, ಕಣ್ಣಕ್ಕ ಇರುವ ತನಕ ಯಂತ್ರ ಯಾಕೆ ಎಂದು ಕೈಬಿಟ್ಟಿದ್ದರು. ಆ ಹೆಸರೂ ಕಾರ್ಖಾನೆಯವರೇ ಇಟ್ಟಿದ್ದು. ಈಗ ಮನೆಯ ಅಕ್ಕಪಕ್ಕದವರಿಗೂ ಅವಳು ಕಣ್ಣಕ್ಕನೇ.

ಸೀರಮ್ಮಿನ ಉಸಾಬರಿ ಅವಳೇ ಮೈಮೇಲೆ ಎಳೆದುಕೊಂಡದ್ದು. ಮಗಳಿಗೆ ಟಿಕೆಟ್ ಕೌಂಟರಿನಲ್ಲಿ ಕೆಲಸ. ದಿನವಿಡೀ ಗಾಜಿನ ಹಿಂದೆ ಮುಖ ತೋರಿಸಿಕೊಂಡು ಕೂರಬೇಕು. ಮೊಡವೆ ಹೋದರೂ ಕಲೆ ಹೋಗಿಲ್ಲ ಎಂಬ ಕೊರಗಿನಲ್ಲಿ ಮೂರು ಕಂಪನಿಯ ವಿಟಮಿನ್ ಸಿ ಸೀರಮ್ ಒಟ್ಟಿಗೇ ತಂದು, ದಿನಕ್ಕೊಂದರಂತೆ ಹಚ್ಚಿಕೊಳ್ಳುತ್ತಿದ್ದಳು. "ಮೂರನ್ನೂ ಮೆತ್ಕೊಂಡ್ರೆ ಯಾವುದು ಕೆಲಸ ಮಾಡ್ತು ಅಂತ ಯಾರಿಗೆ ಗೊತ್ತಾಗುತ್ತೆ, ದಡ್ಡಿ! ಪರೀಕ್ಷೆ ಅಂದ್ರೆ ಏನು ಅಂತ ನಾನು ತೋರಿಸ್ತೀನಿ" ಎಂದು ಕಣ್ಣಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಮಗಳ ಎಡಗೈ ಮೇಲೆ ಪೆನ್ನಿನಲ್ಲಿ ನಾಲ್ಕು ಚೌಕ ಬರೆದಳು: ಮೂರಕ್ಕೆ ಮೂರು ಸೀರಮ್, ಹೋಲಿಸಿ ನೋಡಲು ನಾಲ್ಕನೆಯದು ಖಾಲಿ. ಕಾರ್ಖಾನೆಯಿಂದ ಒಂದೇ ಥರದ ಆರು ಗಾಜಿನ ಸೀಸೆ ತಂದು, ಒಂದೊಂದು ಸೀರಮ್ಮನ್ನೂ ಎರಡು ಪಾಲು ಮಾಡಿ, ನಂಬರಿನ ಚೀಟಿ ಅಂಟಿಸಿ, ಮೂರನ್ನು ಫ್ರಿಜ್ಜಿನಲ್ಲಿ, ಮೂರನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟಳು. ಬಿಸಿಲಿಗೆ ಗಾಳಿಗೆ ವಿಟಮಿನ್ ಸಿ ಸತ್ತರೆ ಸೀರಮ್ ಹಳದಿಯಾಗುತ್ತದೆ, ಹಳದಿಯಾದದ್ದನ್ನು ಹಚ್ಚಿಕೊಂಡರೂ ಒಂದೇ ಬಿಟ್ಟರೂ ಒಂದೇ ಎಂದು ಮಗಳೇ ಫೋನಿನಲ್ಲಿ ಓದಿ ಹೇಳಿದ್ದಳು. ಇವತ್ತಿಗೆ ಮೂರು ವಾರ.

"ಚೀಟಿ ನೋಡಿ ಹೇಳ್ತಿದೀಯ ನೀನು," ಎಂದಳು ಕಣ್ಣಕ್ಕ. "ಇರು, ನಂಬರು ಸೀಸೆ ತಳಕ್ಕೆ ಅಂಟಿಸ್ತೀನಿ. ಆ ಕಡೆ ತಿರುಗು."

ಕಾರ್ಖಾನೆಯಲ್ಲಿ ಹೊಸಬರ ಕಣ್ಣನ್ನು ಪರೀಕ್ಷಿಸುವುದು ಹೀಗೇ. ಆರನ್ನೂ ಬಿಳಿ ಹಾಳೆಯ ಮೇಲೆ ಅದಲುಬದಲಾಗಿ ಕಲೆಸಿ ಇಟ್ಟಳು. ಮಗಳು ತಿರುಗಿದವಳೇ ಎರಡನ್ನು ಹೆಕ್ಕಿ ಮುಂದಿಟ್ಟಳು. ತಳ ನೋಡಿದರೆ ಅವೇ ಎರಡು. ಮತ್ತೆ ಕಲೆಸಿದಳು, ಮತ್ತೆ ಅವೇ. ಐದು ಸಲ ಕಲೆಸಿದರೂ ಐದು ಸಲವೂ ಅವೇ ಎರಡು ಬಂದವು. ಮಗಳಿಗೆ ಅದೊಂದು ಆಟವಾಗಿತ್ತು.

"ಈಗ ನಿನ್ನ ಸರದಿ. ತಿರುಗು ಆ ಕಡೆ."

ಕಣ್ಣಕ್ಕ ಗೋಡೆಗೆ ಮುಖ ಮಾಡಿ ನಿಂತಳು. ಹಿಂದೆ ಗಾಜು ಗಾಜಿಗೆ ತಾಗುವ ಸದ್ದು. ತಿರುಗಿ ನೋಡಿದಳು. ಆರು ಸೀಸೆ, ಆರರಲ್ಲೂ ನೀರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು. ಸುಮ್ಮನೆ ಎರಡನ್ನು ಎತ್ತಿ ಕೊಟ್ಟಳು. ಮಗಳು ತಳ ನೋಡಿ, ಅವಲ್ಲ ಎಂದು ಮತ್ತೆ ಕಲೆಸಿದಳು. ಇನ್ನೊಂದು ಸಲ. ಮತ್ತೊಂದು ಸಲ. ನಾಲ್ಕನೆಯ ಸಲಕ್ಕೆ ಮಗಳ ಮುಖದಿಂದ ನಗು ಪೂರ್ತಿ ಇಳಿದುಹೋಗಿತ್ತು.

"ಅಮ್ಮಾ," ಎಂದಳು ಮೆಲ್ಲಗೆ, "ನಿಂಗೆ ನಿಜವಾಗ್ಲೂ ಕಾಣ್ತಿಲ್ವಾ?"

ಕಣ್ಣಕ್ಕನಿಗೆ ನೆನಪಾದದ್ದು ಸೀರಮ್ಮಲ್ಲ, ಬಣ್ಣದ ಮೇಸ್ತ್ರಿ.

ಎರಡು ತಿಂಗಳ ಹಿಂದೆ ಒಂದು ಹೋಟೆಲಿಗೆ ಕಳಿಸಿದ್ದ ಬಿಳಿ ಹಾಸುಬಟ್ಟೆಗಳು ಪೂರಾ ವಾಪಸು ಬಂದಿದ್ದವು. ಬಿಳಿಯೇ ಅಲ್ಲ, ಹಳದಿ ಹೊಡೆಯುತ್ತಿದೆ, ಯಾರೋ ಮಲಗಿ ಎದ್ದ ಹಾಗಿದೆ ಎಂದು ಅವರ ದೂರು. ಮೇಸ್ತ್ರಿ ಓಡಿಹೋಗಿ ಕಣ್ಣಕ್ಕನ ಸಹಿಯ ಚೀಟಿ ಪಿನ್ನು ಮಾಡಿದ್ದ ಮಾದರಿ ತುಂಡನ್ನು ತಂದಿದ್ದ. ಅದೂ ಅಷ್ಟೇ ಹಳದಿ ಎಂದರು ಎಲ್ಲರೂ. ಕಣ್ಣಕ್ಕನ ಕಣ್ಣು ತಪ್ಪುವುದುಂಟೇ? ಹಾಗಾದರೆ ಮೇಸ್ತ್ರಿ ಒಳ್ಳೆಯ ತುಂಡು ತೋರಿಸಿ ಸಹಿ ಹಾಕಿಸಿಕೊಂಡು, ಬಿಳುಪಿನ ಔಷಧಿ ಉಳಿಸಿ ಕೆಟ್ಟ ಬಟ್ಟೆ ಮಾಡಿ, ಆ ಚೀಟಿಯನ್ನು ಕೆಟ್ಟ ತುಂಡಿಗೆ ಚುಚ್ಚಿದ್ದಾನೆ ಎಂದಾಯಿತು. ಮ್ಯಾನೇಜರು ಎಲ್ಲರೆದುರಿಗೆ ಅವಳನ್ನೇ ಕೇಳಿದ್ದರು. ಅವಳು ಹೇಳಿದ್ದಳು: "ಚೀಟಿ ನನ್ನದೇ. ತುಂಡು ನನ್ನದಲ್ಲ."

ಹತ್ತೊಂಬತ್ತು ವರ್ಷ ಅವಳ ಜೊತೆ ದುಡಿದ ಮನುಷ್ಯ ಆವತ್ತೇ ಗೇಟಿನಾಚೆ ಹೋದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಜನ ಆಡಿಕೊಂಡರು. ಈಗ, ಸೀಸೆಗಳ ಮುಂದೆ ನಿಂತು, ತಾನು ಯಾರಿಗೂ ಹೇಳದ ಒಂದು ಸಂಗತಿಯನ್ನು ಅವಳು ತನಗೆ ತಾನೇ ಒಪ್ಪಿಕೊಳ್ಳಬೇಕಾಯಿತು. ಆವತ್ತು ಆ ತುಂಡಿನಲ್ಲಿ ಅವಳಿಗೆ ಹಳದಿ ಕಂಡೇ ಇರಲಿಲ್ಲ. ಎಲ್ಲರೂ ಹಳದಿ ಅಂದ ಮೇಲೆ ಇರಬೇಕು ಎಂದು ತಲೆಯಾಡಿಸಿದ್ದಳು. ಹೆದರಿ ತಲೆಯಾಡಿಸಿದ್ದಳು.

ಕಣ್ಣಿನ ಡಾಕ್ಟರು ಹತ್ತೇ ನಿಮಿಷದಲ್ಲಿ ಹೇಳಿ ಮುಗಿಸಿದರು. ಎರಡು ಕಣ್ಣಿಗೂ ಪೊರೆ ಬಂದಿದೆ, ಒಂದು ವರ್ಷದ ಮೇಲಾಗಿರಬೇಕು. "ಹಳದಿ ಗಾಜಿನ ಹಿಂದೆ ಕೂತು ಲೋಕ ನೋಡ್ತಿದ್ದೀರಿ ಅಂದ್ಕೊಳ್ಳಿ. ಬಿಳಿ, ತಿಳಿಹಳದಿ ಎರಡೂ ಒಂದೇ ಥರ ಕಾಣುತ್ತೆ. ಮೆಲ್ಲಗೆ ಬರೋದ್ರಿಂದ ಗೊತ್ತಾಗಲ್ಲ. ತೆಗೆಸಿದ್ರೆ ಸರಿಹೋಗುತ್ತೆ, ಗಾಬರಿ ಬೇಡ." ಆ ಸಮಾಧಾನದ ಮಾತೆಲ್ಲ ಬಿಟ್ಟು ಅವಳ ಕಿವಿಯಲ್ಲಿ ಉಳಿದದ್ದು ಆ ಒಂದು ವರ್ಷ. ಆ ವರ್ಷದಲ್ಲಿ ಎಷ್ಟು ತುಂಡಿಗೆ ಸಹಿ ಹಾಕಿದ್ದಳೋ ಲೆಕ್ಕವಿರಲಿಲ್ಲ.

ದಾರಿಯಲ್ಲಿ ಮಗಳು ತೋಳು ಹಿಡಿದುಕೊಂಡೇ ನಡೆದಳು. "ಹದಿನೈದು ದಿನ ರಜೆ ಹಾಕು. ಆಪರೇಷನ್ ಮಾಡಿಸ್ಕೊಂಡು ಸುಮ್ಮನೆ ವಾಪಸು ಹೋಗು. ಯಾರಿಗೆ ಗೊತ್ತಾಗುತ್ತೆ?"

"ಆ ಮೇಸ್ತ್ರಿ?"

"ಅವರು ಇಷ್ಟು ಹೊತ್ತಿಗೆ ಎಲ್ಲೋ ಕೆಲಸ ಹುಡುಕ್ಕೊಂಡಿರ್ತಾರೆ ಬಿಡು." ಮಗಳು ಬೇರೆ ಕಡೆ ನೋಡುತ್ತಾ ಹೇಳಿದಳು. "ನಿನ್ನ ಕೆಲಸ ಹೋದ್ರೆ ಏನಮ್ಮಾ ಮಾಡೋದು? ಕಣ್ಣಕ್ಕನಿಗೆ ಕಣ್ಣೇ ಇರ್ಲಿಲ್ಲ ಅಂತ ನಗ್ತಾರೆ ಜನ."

ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಣ್ಣಕ್ಕ ಆ ರಾತ್ರಿ ಅದೇ ಮಾತನ್ನು ಹಿಡಿದುಕೊಂಡು ಮಲಗಿದಳು. ಬೆಳಿಗ್ಗೆ ತಿಂಡಿ ಸೇರಲಿಲ್ಲ, ಆ ಮಾತೂ ಸೇರಲಿಲ್ಲ. ಎಂಟು ಗಂಟೆಗೆ ಮೇಸ್ತ್ರಿಯ ಮನೆಯ ಬಾಗಿಲಲ್ಲಿದ್ದಳು.

ಗಂಡ ಹೆಂಡತಿ ನೆಲದ ಮೇಲೆ ಕೂತು ಒಂದು ಮೂಟೆ ಈರುಳ್ಳಿ ಸುಲಿಯುತ್ತಿದ್ದರು, ಯಾವುದೋ ಹಾಸ್ಟೆಲಿನ ಅಡುಗೆಮನೆಗಂತೆ. ಅವನ ಉಗುರುಗಳ ಸಂದಿಯಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದ ನೀಲಿ ಪೂರಾ ಬಿಟ್ಟುಹೋಗಿತ್ತು. ಹೆಂಡತಿ ಅವಳನ್ನು ನೋಡಿದವಳೇ ಎದ್ದು ಒಳಗೆ ಹೋಗಿ ದಬಕ್ಕನೆ ಕದ ಹಾಕಿಕೊಂಡಳು. ಕೂರಿ ಎಂದು ಯಾರೂ ಹೇಳಲಿಲ್ಲ. ಕಣ್ಣಕ್ಕ ನಿಂತೇ ಇದ್ದಳು.

"ಮೇಸ್ತ್ರಿ, ತಪ್ಪು ನಂದು. ನಂಗೆ ಪೊರೆ ಬಂದಿದೆಯಂತೆ. ಆವತ್ತು ನೀನು ತಂದ ತುಂಡು ನಾನು ಪಾಸ್ ಮಾಡಿದ್ದೇ. ನಂಗೆ ಕಾಣ್ಲಿಲ್ಲ. ಕಾಣ್ಲಿಲ್ಲ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ."

ಅವನು ಕೈಯಲ್ಲಿದ್ದ ಈರುಳ್ಳಿಯನ್ನು ಸುಲಿದು ಮುಗಿಸಿದ.

"ನಂಗೆ ಹೋದ ವರ್ಷಾನೇ ಗೊತ್ತಿತ್ತಕ್ಕಾ," ಎಂದ.

"ಹೋದ ವರ್ಷಾನೇ?" ಎಂದಳು ಕಣ್ಣಕ್ಕ.

"ನೀವು ಪಾಸು ಅಂದಿದ್ದನ್ನ ನಾನು ಕೆಳಗೆ ತಗೊಂಡ್ಹೋಗಿ ಮತ್ತೆ ನೋಡ್ತಿದ್ದೆ. ಹಳದಿ ಇದ್ರೆ ಇನ್ನೊಂದು ಸಲ ಬಿಳುಪು ಕೊಟ್ಟು ಕಳಿಸ್ತಿದ್ದೆ. ಎಷ್ಟು ಸಲ ಅಂತ ಕೇಳ್ಬೇಡಿ. ಹೋಟೆಲಿನ ತುಂಡು ನಿಮಗೆ ತೋರಿಸಿದ ದಿನಾನೇ ನಂಗೆ ಜ್ವರ ಬಂದು ಮಲಗ್ಬಿಟ್ಟೆ. ನೀವು ಪಾಸ್ ಮಾಡಿದ ತುಂಡು ಇಟ್ಕೊಂಡು ಕೆಳಗಿನವರು ಹಾಗೇ ಮಾಡಿ ಕಳಿಸಿದ್ರು. ಅಷ್ಟೇ ಆಗಿದ್ದು."

"ನಂಗ್ಯಾಕಪ್ಪಾ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ದೆ. ಎರಡು ಸಲ. ಇನ್ನೊಂದ್ಸಲ ನೋಡಿ ಅಕ್ಕಾ ಅಂದೆ. ಬಣ್ಣದ ವಿಷಯ ನಂಗೇ ಹೇಳ್ಕೊಡ್ತೀಯಾ ಅಂದ್ರಿ. ಎಲ್ಲರೂ ನಕ್ರು." ಅವನು ಇನ್ನೊಂದು ಈರುಳ್ಳಿ ಎತ್ತಿಕೊಂಡ. "ಆಮೇಲೆ ಹೇಳಿದ್ರೆ ಯಾರು ಕೇಳ್ತಿದ್ರು? ಕಳ್ಳ ಸಿಕ್ಕಿಹಾಕ್ಕೊಂಡ್ಮೇಲೆ ಕಣ್ಣಕ್ಕನ ಕಣ್ಣು ಸರಿಯಿಲ್ಲ ಅಂತಾನೆ ಅಂದಿರೋರು."

"ನಾನು ಈಗ್ಲೇ ಹೋಗಿ ಹೇಳ್ತೀನಿ. ನೀನೂ ಬಾ."

"ನಾನು ಬರಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಸಹಿಸಲಾಗಲಿಲ್ಲ. "ಬೀಡಿ ಅಂಗಡಿಯವನೂ ನನ್ನ ಕೈ ನೋಡ್ಕೊಂಡು ಸಾಮಾನು ಕೊಡ್ತಾನೆ ಈಗ. ಆವತ್ತು ಎಲ್ಲರ ಎದುರಿಗೆ ಹೇಳಿದ್ರಿ. ಹೇಳೋದಿದ್ರೆ ಎಲ್ಲರ ಎದುರಿಗೇ ಹೇಳಿ. ಮ್ಯಾನೇಜರ ಕಿವಿಯಲ್ಲಲ್ಲ."

ಕಾರ್ಖಾನೆ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಅವಳು ಇಪ್ಪತ್ತು ನಿಮಿಷವೂ ಮಾತು ಜೋಡಿಸಿಕೊಂಡು ನಡೆದಳು, ಗೇಟು ದಾಟುವಷ್ಟರಲ್ಲಿ ಒಂದೂ ನೆನಪಿರಲಿಲ್ಲ. ಬಣ್ಣ ನೋಡುವ ಕೋಣೆಯಲ್ಲಿ ಮ್ಯಾನೇಜರು ಕಾಯುತ್ತಾ ನಿಂತಿದ್ದರು. ಪಕ್ಕದಲ್ಲಿ ಹೋದ ವಾರ ಸೇರಿದ ಹೊಸ ಮೇಸ್ತ್ರಿ, ಬಾಗಿಲ ಬಳಿ ಮೂಟೆ ಹೊರುವ ಐದಾರು ಜನ. ಹೊಸ ಮೇಸ್ತ್ರಿಗೆ ಇದು ಮೊದಲ ಸರಕು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ಎಲ್ಲಿ ಹೋಗಿದ್ರಿ ಕಣ್ಣಕ್ಕಾ, ಲಾರಿ ನಿಂತಿದೆ ಆಗಿನಿಂದ! ಒಂದು ಸಲ ಕಣ್ಣು ಹಾಯಿಸಿ, ಸಹಿ ಹಾಕಿ."

ದೀಪದ ಕೆಳಗೆ ಎರಡು ತುಂಡು ಅಕ್ಕಪಕ್ಕ ಇದ್ದವು. ಗಿರಾಕಿಯದೊಂದು, ಹೊಸ ಮೇಸ್ತ್ರಿಯದೊಂದು. ಎರಡೂ ಬಿಳಿ. ಅವಳು ಬಗ್ಗಿ ನೋಡಿದಳು, ಆಮೇಲೆ ಅವಳ ಜೀವಮಾನದಲ್ಲೇ ಮಾಡದಿದ್ದದ್ದನ್ನು ಮಾಡಿದಳು, ಮತ್ತೊಮ್ಮೆ ನೋಡಿದಳು. ಬಾಗಿಲ ಬಳಿ ನಿಂತವರಲ್ಲಿ ಯಾರೋ ಕಿಸಕ್ಕೆಂದರು.

"ನಂಗೆ ಕಾಣ್ತಿಲ್ಲ," ಎಂದಳು.

ಮ್ಯಾನೇಜರು ಮೊದಲು ನಕ್ಕರು. ಅವರು ನಕ್ಕದ್ದಕ್ಕೆ ಉಳಿದವರೂ ನಕ್ಕರು. "ಸರಿ ಸರಿ, ಕಣ್ಣಕ್ಕನಿಗೇ ಕಾಣಲ್ಲ ಅಂದ್ರೆ ನಮಗೇನು ಕಂಡೀತು! ಹಾಕಿ ಸಹಿ."

"ನಂಗೆ ಒಂದು ವರ್ಷದಿಂದ ಕಾಣ್ತಿಲ್ಲ. ಕಣ್ಣಿಗೆ ಪೊರೆ ಬಂದಿದೆ," ಎಂದಳು, ಮೂಟೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಹೋಟೆಲಿನ ಬಟ್ಟೆ ಪಾಸ್ ಮಾಡಿದ್ದು ನಾನೇ. ಆ ಚೀಟೀನೂ ನಂದೇ, ತುಂಡೂ ನಂದೇ. ಮೇಸ್ತ್ರಿ ಏನೂ ಮಾಡಿಲ್ಲ. ನಾನು ಸುಳ್ಳು ಹೇಳಿದೆ."

ಈ ಸಲ ಯಾರೂ ನಗಲಿಲ್ಲ. ಮ್ಯಾನೇಜರು ಬಾಗಿಲ ಕಡೆ ನೋಡಿ, ಅಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿ, "ಕದ ಹಾಕ್ರೋ" ಎಂದರು ತಗ್ಗಿದ ದನಿಯಲ್ಲಿ. ಯಾರೂ ಕದಲಲಿಲ್ಲ. ಹೊರಗೆ ಲಾರಿಯವನು ಹಾರ್ನು ಒತ್ತಿ ಹಿಡಿದ.

ಹೊಸ ಮೇಸ್ತ್ರಿ ಗಿರಾಕಿಯ ತುಂಡನ್ನೂ ತನ್ನದನ್ನೂ ಒಮ್ಮೆ ಹೋಲಿಸಿ ನೋಡಿ, ಕೈ ಚಾಚಿ ದೀಪದ ಕೆಳಗಿದ್ದ ತನ್ನ ತುಂಡನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, ಎರಡು ಮಡಿಕೆ ಮಾಡಿ, ಅಂಗಿಯ ಜೇಬಿನಲ್ಲಿಟ್ಟುಕೊಂಡ.